ಅಳಿಸಿ ಬರೆದ ಗೈಡ್

ನಮ್ಮ ಪಕ್ಕದ ಮನೆಯ ಅಕ್ಕ ಸೂಲಿಬೆಲೆಯ ಡೇರಿಗೆ ಹಾಲು ಹಾಕಿ ಬಂದು, ಒದ್ದೆ ಕೈ ಒರೆಸಿಕೊಂಡು, ನರ್ಸಿಂಗ್ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಗೈಡ್ ಹಿಡಿದು ಕೂರುತ್ತಿದ್ದಳು. ಬಿಟ್ಟ ಸ್ಥಳಗಳನ್ನೆಲ್ಲ ಪೆನ್ಸಿಲ್ಲಿನಲ್ಲಿ ತುಂಬುವಳು. ಪ್ರತಿ ವರ್ಷವೂ ಫೇಲಾದ ದಿನ ಅವನ್ನೆಲ್ಲ ರಬ್ಬರಿನಿಂದ ಅಳಿಸುವಳು. "ಮುಂದಿನ್ ವರ್ಷಕ್ಕೆ ಬೇಕಲ್ವೇನೇ" ಎನ್ನುವಳು. ಉಜ್ಜಿ ಉಜ್ಜಿ ಹಾಳೆಗಳು ಈರುಳ್ಳಿ ಸಿಪ್ಪೆಯಂತಾಗಿದ್ದವು. ನನಗೆ ಅವಳ ಮೇಲೆ ಸಿಟ್ಟೇ ಬರುತ್ತಿತ್ತು.

ಕೊನೆಗೆ ಒಂದು ವರ್ಷ ಹೊಸಕೋಟೆಯ ಸೈಬರ್ ಸೆಂಟರಿನಲ್ಲಿ ಅವಳ ಅರ್ಜಿಯೇ ಮುಂದಕ್ಕೆ ಹೋಗಲಿಲ್ಲ. "ಏಜ್ ದಾಟೋಗಿದೆ, ಮೇಡಂ" ಎಂದ ಅಂಗಡಿಯವನು. ಜೊತೆಗೆ ಹೋಗಿದ್ದ ನಾನು ಅವಳನ್ನು ಬಸ್ಸು ಹತ್ತಿಸಿ ಕರೆದುಕೊಂಡು ಬಂದೆ.

ಮರುದಿನ ಸಂಜೆ ಹೋದರೆ, ಅವಳು ಎಂದಿನಂತೆ ಗೈಡ್ ಹಿಡಿದು ಬಿಟ್ಟ ಸ್ಥಳ ತುಂಬುತ್ತಿದ್ದಳು.

"ಇನ್ನೂ ಯಾಕಕ್ಕಾ ಇದು?" ಎಂದೆ.

ಅವಳು ಹಾಳೆ ಮಗುಚಿ ಮುಂದಿನ ಬಿಟ್ಟ ಸ್ಥಳ ತುಂಬಿದಳು. ಈ ಸಲ ಅವಳ ಕೈಯಲ್ಲಿ ಪೆನ್ನಿತ್ತು.