ಲಿಯೋನ್‌ನಿಂದ ಬಂದ ತಂಗಿ

ಉಳ್ಳಾಲದ ಖೈರುನ್ನಿಸಾ ಬಹರೇನಿನ ಉಮ್ ಅಲ್ ಹಸ್ಸಮ್ ಬಡಾವಣೆಯ ಸಣ್ಣ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷದಿಂದ ಅಬಾಯ ಹೊಲಿಯುತ್ತಿದ್ದಳು. ತಂಗಿ ಅಸ್ನಾಳನ್ನು ಅಲ್ಲಿಗೆ ಕರೆಸಿಕೊಂಡವಳೂ, ರಾಶಿದನೊಂದಿಗೆ ನಿಕಾಹ್ ಕುದುರಿಸಿದವಳೂ ಅವಳೇ. ಆ ರಾಶಿದನಿಗೆ ಫ್ರಾನ್ಸಿನಲ್ಲಿ ಕೆಲಸ ಸಿಕ್ಕಿತು. ಅಸ್ನಾ ಲಿಯೋನ್ ನಗರ ಸೇರಿದಳು. ಫೇಸ್‌ಬುಕ್ಕಿನಲ್ಲಿ ಹಿಮ, ಟ್ರಾಮ್, ನದಿ ಕಾಣಿಸತೊಡಗಿದವು. ಅಕ್ಕ ನೋಡುತ್ತಿದ್ದಳು, ಒಂದು ಮಾತೂ ಬರೆಯುತ್ತಿರಲಿಲ್ಲ.

೨೦೧೧ರಲ್ಲಿ ಅಲ್ಲಿ ಸಾರ್ವಜನಿಕವಾಗಿ ಮುಖ ಮುಚ್ಚುವುದನ್ನು ಕಾನೂನು ನಿಷೇಧಿಸಿತು. ನಿಖಾಬ್ ಹಾಕಿದ್ದ ಅಸ್ನಾಳನ್ನು ಪೊಲೀಸರು ರಸ್ತೆಯಲ್ಲಿ ತಡೆದರೆಂದು ತಿಳಿದಾಗ ಖೈರುನ್ನಿಸಾಳಿಗೆ ಮೊದಲು ಆದದ್ದು ಸಮಾಧಾನ. ನಾಚಿಕೆ ಆಮೇಲೆ.

ಮರುವರ್ಷ ಅಸ್ನಾ ರಜೆಯಲ್ಲಿ ಅಕ್ಕನ ಮನೆಗೆ ಬಂದಳು. ಹತ್ತಿರದ ಗುಫೂಲ್ ಬಡಾವಣೆಯ ಶ್ರೀಮಂತೆ ನಸೀಹಾ ಅವಳಿಗಾಗಿಯೇ ಊಟವಿಟ್ಟು ಉಳ್ಳಾಲದ ಕಡೆಯ ಹೆಂಗಸರನ್ನೆಲ್ಲ ಕರೆದಳು. ಆ ಮನೆಯಲ್ಲಿ ಅಷ್ಟು ವರ್ಷ ಬಾಗಿಲಲ್ಲೇ ನಿಂತು ಅಳತೆ ತೆಗೆದ ಖೈರುನ್ನಿಸಾಳಿಗೆ ಅಂದು ಮೊದಲ ಸಲ ಸೋಫಾ ಸಿಕ್ಕಿತು. ಅದೂ ಅಸ್ನಾಳ ಅಕ್ಕನೆಂದು.

"ಪೊಲೀಸರಿಗೇ ಎದುರು ನಿಂತೆಯಂತೆ! ನಮಗೆಲ್ಲ ಹೆಮ್ಮೆ ಮಾರಾಯ್ತಿ," ಎಂದಳು ನಸೀಹಾ.

ನಿಖಾಬ್ ಬಿಟ್ಟು ಎಂಟು ತಿಂಗಳಾಯಿತೆಂದು ಅಸ್ನಾ ಆ ಬೆಳಿಗ್ಗೆಯಷ್ಟೇ ಅಕ್ಕನ ಕೈ ಹಿಡಿದು ಹೇಳಿಕೊಂಡಿದ್ದಳು. ಯಾರಿಗೂ ಹೇಳಬೇಡ ಎಂದಿದ್ದಳು.

ಖೈರುನ್ನಿಸಾ ತಟ್ಟೆ ಕೆಳಗಿಟ್ಟಳು. "ಅವಳು ಅಲ್ಲಿ ಈಗ ಮುಖ ಮುಚ್ಚುವುದೇ ಇಲ್ಲ. ಬೇಕಾದ್ರೆ ಕೇಳಿ."

ಎಲ್ಲರೂ ಅಸ್ನಾಳತ್ತ ತಿರುಗಿದರು. ಅವಳು ತಲೆ ಎತ್ತಿದಳು.

"ಹೌದು. ಪೊಲೀಸರು ತಡೆದ ಮೇಲೆ ಎರಡು ತಿಂಗಳು ನಾನು ಮನೆಯಿಂದ ಹೊರಗೇ ಬರ್ಲಿಲ್ಲ. ಒಂದಿನ ಮಗಳಿಗೆ ಜ್ವರ ಅಂತ ಶಾಲೆಯಿಂದ ಫೋನ್ ಬಂತು. ಮುಖ ಮುಚ್ಚದೆ ಹಾಗೇ ಓಡಿದೆ. ದಾರಿಯುದ್ದಕ್ಕೂ ಮೈಮೇಲೆ ಬಟ್ಟೆಯೇ ಇಲ್ಲದ ಹಾಗೆ ಆಯ್ತು."

ನಸೀಹಾ ಎದ್ದು ಬಂದು ಅವಳನ್ನು ಅಪ್ಪಿಕೊಂಡಳು. ಉಳಿದವರೂ ಹತ್ತಿರ ಸರಿದರು. ಖೈರುನ್ನಿಸಾಳ ಪಕ್ಕದ ಜಾಗ ಖಾಲಿಯಾಯಿತು.

ಟ್ಯಾಕ್ಸಿಯಲ್ಲಿ ಅಸ್ನಾ ಕೇಳಿದಳು, "ಯಾಕೆ ಹೇಳಿದೆ ಅಕ್ಕ?"

"ನಿಂಗೆ ಎಲ್ಲ ಸಿಗ್ತದೆ. ಕಷ್ಟ ಬಂದ್ರೆ ಅದರಲ್ಲೂ ಹೆಸರು ಸಿಗ್ತದೆ. ನಂಗೆ ಹೊಟ್ಟೆಕಿಚ್ಚು. ಸಾಕಾ?"

"ನೀನು ಇಲ್ಲಿ ನಿಖಾಬ್ ಹಾಕಿ ಅಂಗಡಿಗೆ ನಡ್ಕೊಂಡು ಹೋಗ್ತಿ. ಯಾರೂ ತಡೆಯುವುದಿಲ್ಲ," ಎಂದಳು ಅಸ್ನಾ. "ನಂಗೂ ಹೊಟ್ಟೆಕಿಚ್ಚು ಆಗ್ತದೆ, ಗೊತ್ತಾ?"

ಖೈರುನ್ನಿಸಾ ಅದನ್ನು ನಂಬಲಿಲ್ಲ.

ಅಸ್ನಾ ರಜೆ ಮುಗಿಯುವುದಕ್ಕೆ ಒಂದು ವಾರ ಮೊದಲೇ ಹೊರಟುಹೋದಳು. ಮುಂದಿನ ಈದಿಗೆ ಅಕ್ಕ ಫೋನ್ ಮಾಡಿ ತಪ್ಪಾಯಿತೆಂದಳು. ತಂಗಿ ಕ್ಷಮಿಸಿದಳು, ಆಗಾಗ ಮಾತಾಡಿದಳು. ಆದರೆ ಮನಸ್ಸಿನ ಮಾತನ್ನು ಮತ್ತೆಂದೂ ಅವಳಲ್ಲಿ ಹೇಳಿಕೊಳ್ಳಲಿಲ್ಲ.