ಮಗನ ಲಾರಿ, ಅಮ್ಮನ ಔದಾರ್ಯ

ಇನ್ನೊಬ್ಬರ ವಸ್ತುವನ್ನು ದಾನ ಮಾಡುವುದರಲ್ಲಿ ನಾನು ಎಂಥ ಉದಾರಿ ಎಂಬುದು ನನಗೆ ತಿಳಿದದ್ದು ಮಗನನ್ನು ಪಾರ್ಕಿಗೆ ಕರೆದೊಯ್ಯಲು ಶುರುಮಾಡಿದ ಮೇಲೆ.

ಎರಡು ಸಾವಿರದ ಇಸವಿಯ ಆಸುಪಾಸು. ಆಗ ನಾವು ಬೆಂಗಳೂರಿನ ಲಿಂಗರಾಜಪುರದಲ್ಲಿದ್ದೆವು. ಮನೆಯ ಹತ್ತಿರದ ಪಾರ್ಕಿನಲ್ಲಿ ಒಂದು ಜಾರುಬಂಡೆ, ಉಯ್ಯಾಲೆ, ಒಂದಿಷ್ಟು ಮರಳು. ಜಾರುಬಂಡೆ ಎಲ್ಲರದು, ಹಾಗಾಗಿ ಅದಕ್ಕೆ ಸರದಿ ಇತ್ತು. ಮನೆಯಿಂದ ತಂದ ಆಟಿಕೆಗೆ ಮಾತ್ರ ಯಾವ ಕಾನೂನೂ ಇರಲಿಲ್ಲ. ಬೇರೆ ಮಗು ಕೈ ಚಾಚಿತೋ, ಅಮ್ಮಂದಿರೆಲ್ಲ ಒಂದೇ ರಾಗದಲ್ಲಿ "ಶೇರ್ ಮಾಡು ಪುಟ್ಟಾ" ಎನ್ನುತ್ತಿದ್ದೆವು. ಕನ್ನಡದಲ್ಲಿ ಹಂಚಿಕೊಡುವುದು ಬೇರೆ, ಹಂಚಿಕೊಳ್ಳುವುದು ಬೇರೆ. ಎರಡನೆಯದರಲ್ಲಿ ನಮಗೂ ಒಂದು ಪಾಲು ಉಳಿಯುತ್ತದೆ. ನಮ್ಮ 'ಶೇರ್' ಇವೆರಡೂ ಅಲ್ಲ. ಆ ಮಗುವಿನ ಅಮ್ಮ ನೋಡುತ್ತಿದ್ದಾಳೆ, ನನ್ನ ಮಾನ ಉಳಿಸು ಎಂಬುದೇ ಅದರ ತಾತ್ಪರ್ಯ.

ಮಗ ಚಿನ್ಮಯನಿಗೆ ಮೂರು ತುಂಬಿದಾಗ ನನ್ನ ತಮ್ಮ ಹಳದಿ ಬಣ್ಣದ ಟಿಪ್ಪರ್ ಲಾರಿ ಕೊಡಿಸಿದ. ಮೊದಲ ಸಂಜೆ ಅದನ್ನು ಮರಳಿಗಿಳಿಸಿದ್ದೇ ತಡ, ಅವನ ವಯಸ್ಸಿನ ನಾಜಿಯಾ ಎಂಬ ಹುಡುಗಿ ಬಂದು ಹಿಂದಿನ ಗಾಲಿ ಹಿಡಿದುಕೊಂಡಳು. ಇವನು ಲಾರಿಯನ್ನು ತಬ್ಬಿಕೊಂಡ. ನಾನು ನನ್ನ ರಾಗ ಹಾಡಿದೆ. ಫಲಿಸದೆ, ಲಾರಿಗೇ ಕೈ ಹಾಕಿದೆ. ಮೂವರ ಜಗ್ಗಾಟದಲ್ಲಿ ಇಬ್ಬರು ಅಳತೊಡಗಿದರು. ಮೂರನೆಯವಳಿಗೂ ಅದೇ ಬಾಕಿ.

ಅಷ್ಟರಲ್ಲಿ ನಾಜಿಯಾಳ ಅಮ್ಮ ಶಾಹೀನ್ ಬಂದರು. ಅಲ್ಲಿಯವರೆಗೆ ನಮ್ಮದು ಮುಗುಳ್ನಗೆಯಷ್ಟೇ ಪರಿಚಯ. ಮಗಳ ಬೆರಳು ಬಿಡಿಸುತ್ತ, "ಬೇಡ ಬಿಡ್ರೀ, ಲಾರಿ ನಿಮ್ದಲ್ವಲ್ಲ" ಎಂದರು. ಆಮೇಲೆ ಮರಳಲ್ಲೇ ಕುಕ್ಕರುಗಾಲಲ್ಲಿ ಕೂತು ಚಿನ್ಮಯನನ್ನೇ ಕೇಳಿದರು: "ಬೇಟಾ, ನಿಂದು ಆಡಿ ಆದ್ಮೇಲೆ ನಾಜಿಯಾಗೆ ಕೊಡ್ತೀಯಾ?"

ಅವನನ್ನು ಹಾಗೆ ಯಾರೂ ಕೇಳಿರಲಿಲ್ಲ. ಬಹಳ ಹೊತ್ತು ಯೋಚಿಸಿ, "ಆಮೇಲೆ" ಎಂದ.

ಶಾಹೀನ್ ಮಗಳಿಗೆ ಉರ್ದುವಿನಲ್ಲಿ ಕಾಯಲು ಹೇಳಿ, ನನ್ನನ್ನು ಬೆಂಚಿಗೆ ಕರೆದೊಯ್ದರು. ನಾಜಿಯಾ ಬಿಕ್ಕುತ್ತ ನಿಂತಿದ್ದಳು. ನೋಡಲಾರದೆ ನಾನು ಮತ್ತೆ ಮತ್ತೆ ಏಳುತ್ತಿದ್ದೆ; ಅವರು ರಸೆಲ್ ಮಾರ್ಕೆಟ್ಟಿನ ಮೀನಿನ ಮಾತು ತೆಗೆದು ಕೂರಿಸುತ್ತಿದ್ದರು. ಅವರ ಧೈರ್ಯವನ್ನು ಮೆಚ್ಚಿಕೊಂಡಾಗ ಮೆಲ್ಲಗೆ, "ಅವ್ನು ಕೊಡ್ದೇ ಹೋದ್ರೆ ಏನ್ ಮಾಡೋದು ಅಂತ ನಂಗೂ ಭಯಾನೇ ರೀ" ಎಂದರು. ನನಗೆ ಅವರು ಇಷ್ಟವಾದದ್ದು ಆ ಗಳಿಗೆಯಲ್ಲಿ.

ಮರಳಿನಲ್ಲಿ ಅಳು ನಿಂತಿತ್ತು. ಲಾರಿಗೆ ಲೋಡು ತುಂಬಲು ಆಳು ಬೇಕೆಂಬುದು ಚಿನ್ಮಯನಿಗೆ ಹೊಳೆದಿರಬೇಕು. ನಾಜಿಯಾ ಬೊಗಸೆಯಲ್ಲಿ ಮರಳು ತುಂಬಿದಳು, ಇವನು ಸಾಗಿಸಿದ, ಸುರಿದ. ಕತ್ತಲಾಗುವ ಮುಂಚೆ ಲಾರಿಯನ್ನು ತಾನೇ ಅವಳತ್ತ ತಳ್ಳಿ, "ಈಗ" ಎಂದ. ಹಾಗೆಂದು ದಾನಶೂರನಾಗಲಿಲ್ಲ, ಅವಳು ಆಡಿದಷ್ಟು ಹೊತ್ತೂ ಒತ್ತೆ ಇಟ್ಟವನಂತೆ ಪಕ್ಕದಲ್ಲೇ ಕಾವಲು ಕೂತಿದ್ದ.

ನಾನು ಮಾತ್ರ ಹಿರಿಹಿರಿ ಹಿಗ್ಗಿದೆ. ಆ ಹಿಗ್ಗು ಬಾಳಿದ್ದು ಮರುದಿನ ಸಂಜೆಯವರೆಗೆ ಮಾತ್ರ. ನಾಜಿಯಾ ಬಂದು ತಾನೇ ಕೇಳಿದಳು. ಇವನು ಲಾರಿಯಿಂದ ತಲೆಯೆತ್ತದೆ, "ಇವತ್ತಿಲ್ಲ" ಎಂದುಬಿಟ್ಟ. ನಾವಿಬ್ಬರು ತಾಯಂದಿರೂ ಬೆಂಚಿನಿಂದ ಅರ್ಧ ಎದ್ದೆವು. ಅವಳು "ನಾಳೆ?" ಎಂದಳು, ಉತ್ತರಕ್ಕೂ ಕಾಯದೆ ಉಯ್ಯಾಲೆಗೆ ಓಡಿದಳು. ತುಸು ಹೊತ್ತಿಗೆ ಇವನೂ ಲಾರಿಯನ್ನು ಮರಳಲ್ಲೇ ಬಿಟ್ಟು ಅವಳ ಹಿಂದೆ ಓಡಿದ. ಅವರ ಸ್ನೇಹ ಶುರುವಾದದ್ದು ಲಾರಿ ಕೊಟ್ಟ ಸಂಜೆಯಲ್ಲ, ಕೊಡದ ಸಂಜೆ ಎಂದೇ ನಾನು ಈಗಲೂ ನಂಬಿದ್ದೇನೆ.