ಚೇರ್ಮನ್ನರು ಕೇಳಿದ ಕೊನೆಯ ಸಾಲು

ಚೇರ್ಮನ್ ಪುಟ್ಟಮಾದಪ್ಪನವರು ಕಣ್ಣು ಮುಚ್ಚಿಕೊಂಡು ನ್ಯಾಯ ಕೇಳುತ್ತಿದ್ದರು. ಚಾವಡಿಯ ಕಂಬಕ್ಕೆ ಒರಗಿ, ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಕೂತರೆಂದರೆ, ಎದುರಿಗೆ ಊರಿಗೆ ಊರೇ ಅರಚಿಕೊಂಡರೂ ರೆಪ್ಪೆ ಅಲುಗುತ್ತಿರಲಿಲ್ಲ. ದೂರು ತಂದವನು ಎಲ್ಲ ಹೇಳಿ ಮುಗಿಸಿ ಸುಮ್ಮನಾದ ಮೇಲೆ ಒಂದೇ ಮಾತು ಬರುತ್ತಿತ್ತು.

“ಮುಂದ್ಕೆ?”

“ಅಷ್ಟೇ ಚೇರ್ಮನ್ರೇ.”

“ಇರ್ಲಿ, ಮುಂದ್ಕೆ?”

ಐವತ್ತರ ದಶಕದಲ್ಲಿ ನಾನು ಚಾಮರಾಜನಗರದಿಂದ ಆ ಊರಿನ ಶಾಲೆಗೆ ಉಪಾಧ್ಯಾಯಿನಿಯಾಗಿ ಹೋದೆ. ತೆರಕಣಾಂಬಿಯಲ್ಲಿ ಬಸ್ಸಿಳಿದು ಮೂರು ಮೈಲಿ ನಡೆಯಬೇಕು. ಶಾಲೆಗೂ ಚಾವಡಿಗೂ ನಡುವೆ ಒಂದೇ ಗೋಡೆ. ನನ್ನ ಮಕ್ಕಳಿಗೆ ಮಗ್ಗಿಗಿಂತ ಮೊದಲು ಊರ ಜಗಳಗಳೇ ಬಾಯಿಪಾಠವಾಗುತ್ತಿದ್ದವು. ಹೊಸದರಲ್ಲೇ ಅಣ್ಣತಮ್ಮಂದಿರಿಬ್ಬರು ಬದುವಿನ ಹುಣಸೆಮರದ ವ್ಯಾಜ್ಯಕ್ಕೆ ಕೊಡಲಿ ಹಿಡಿದೇ ಬಂದಿದ್ದರು. ತಮ್ಮನಾದವನು ಅಜ್ಜನ ಕಾಲದ ಅಳತೆಯನ್ನೆಲ್ಲ ಒಪ್ಪಿಸಿದ. ಮೂರನೇ ಸಲ “ಮುಂದ್ಕೆ?” ಅಂದಾಗ ಅವನು, “ಮಗಳ ಮದ್ವೆಗೆ ನನ್ನ ಕರೀನೇ ಇಲ್ಲ ಕಣ್ರೀ, ಒಡಹುಟ್ಟಿದೋನ್ನ!” ಎಂದು ಅತ್ತೇಬಿಟ್ಟ. ಚೇರ್ಮನ್ನರು ಆಗ ಕಣ್ಣು ತೆರೆದರು. “ಇದು ಮರದ ಜಗಳ ಅಲ್ಲ ಕಣ್ಲಾ. ಕೊಡ್ಲಿ ಮಡಗು,” ಎಂದು, ಅವತ್ತು ಅಣ್ಣನ ಮನೆಯಲ್ಲೇ ತಮ್ಮನಿಗೆ ಊಟ ಹಾಕಿಸಿದರು.

“ಮೊದ್ಲು ಯೋಳೋದೆಲ್ಲ ಜನ ದಾರೀಲಿ ಜೋಡಿಸ್ಕೊಂಡು ಬಂದಿರೋದು ಕಣವ್ವ. ನಿಜ ಕೊನೇಗೆ ಬತ್ತದೆ,” ಎಂದು ನನಗೊಮ್ಮೆ ಹೇಳಿದ್ದರು.

ಅವರ ಅಧಿಕಾರದಲ್ಲಿ ಆ ಊರಿನ ಒಂದು ಜಗಳವೂ ಗುಂಡ್ಲುಪೇಟೆ ಠಾಣೆಯ ಮೆಟ್ಟಿಲು ಹತ್ತಲಿಲ್ಲ. ಆದರೆ ಒಂದೇ ಒಂದು ದಿನ ಅವರು “ಮುಂದ್ಕೆ?” ಎಂದು ಕೇಳಲಿಲ್ಲ. ದೊಡ್ಡಮನೆಯವರ ತಾಮ್ರದ ಹಂಡೆ ಕಾಣೆಯಾಗಿತ್ತು. ಊರ ಪಾತ್ರೆಗಳಿಗೆಲ್ಲ ಕಲಾಯಿ ಹಾಕುತ್ತಿದ್ದವನು ಬಾಷಾ ಸಾಬ. ಅವನಲ್ಲದೆ ಇನ್ಯಾರು ಕದ್ದಾರು ಎಂದು ದೊಡ್ಡಮನೆಯವರು ಕೂಗಾಡಿದರು. “ಬುದ್ದೀ, ಆ ಹಂಡೆ...” ಎಂದು ಬಾಷಾ ಬಾಯಿ ತೆರೆದ. “ಸಾಕು ಬುಡ್ಲಾ,” ಎಂದುಬಿಟ್ಟರು ಚೇರ್ಮನ್ನರು. ಸಂಜೆಯವರೆಗೂ ಊರವರೆಲ್ಲರ ಕಣ್ಣೆದುರು ಅವನನ್ನು ಕಳ್ಳನೆಂದು ಚಾವಡಿಯಲ್ಲಿ ಕೂರಿಸಿದರು. ಮಾರನೆಯ ಬೆಳಿಗ್ಗೆ ಅವನು ಕುಲುಮೆಯ ತಿದಿ ಹೊತ್ತು, ಹೆಂಡತಿ ಮಕ್ಕಳ ಸಮೇತ ಊರು ಬಿಟ್ಟ.

ಹದಿನೈದು ದಿನಕ್ಕೆ ಹಂಡೆ ಎತ್ತಿನ ಗಾಡಿಯಲ್ಲಿ ಮೆರೆಯುತ್ತಾ ಬಂತು! ಉಡಿಗಾಲದ ನೆಂಟರ ಮದುವೆಗೆಂದು ದೊಡ್ಡಮನೆಯ ಅಜ್ಜಿಯೇ ಕೊಟ್ಟು ಮರೆತಿದ್ದರು. ಅವತ್ತು ಅದನ್ನು ಗಾಡಿಗೆ ಎತ್ತಿಕೊಟ್ಟವನೇ ಬಾಷಾ ಎಂದು ಗಾಡಿಯವನು ಹೇಳಿದ. ಚೇರ್ಮನ್ನರು ಆ ಹಂಡೆಯನ್ನು ನೋಡುತ್ತಾ ನಿಂತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಮರುವರ್ಷ ಪಂಚಾಯಿತಿ ಚುನಾವಣೆ ಬಂತು. ಪುಟ್ಟಮಾದಪ್ಪನವರಿಗೆ ರುಜು ಹಾಕಲು ಬರುತ್ತಿತ್ತು, ಓದು ಬರುತ್ತಿರಲಿಲ್ಲ. “ನಾನು ಮಾಡಿದ್ದು, ಮುಂದೆ ಮಾಡೋದು, ಎಲ್ಡೂ ಒಂದು ಕಾಗದದಲ್ಲಿ ಬರ್ಕೊಡಿ ಮೇಷ್ಟ್ರಮ್ಮ. ಅಚ್ಚು ಹಾಕ್ಸನ,” ಎಂದರು. ಸರ್ಕಾರಿ ಸಂಬಳದವಳು ಇಂಥದ್ದಕ್ಕೆ ಕೈ ಹಾಕಬಾರದೆಂದು ಗೊತ್ತಿದ್ದೂ ಬರೆದೆ. ಚಾವಡಿಗೆ ಹೆಂಚು ಹಾಕಿಸಿದ್ದು, ಶಾಲೆಗೆ ಎರಡು ಬೆಂಚು, ಠಾಣೆಗೆ ಹೋಗದ ಜಗಳಗಳು. ಮುಂದಕ್ಕೆ ಕೆಳಗಲ ಬೀದಿಗೊಂದು ಸೇದುವ ಬಾವಿ. ಕೊನೆಗೆ ಅವರು ಕಣ್ಣು ಮುಚ್ಚಿ, ನಿಧಾನವಾಗಿ ಹೇಳಿ ಬರೆಸಿದ ಸಾಲು ಇದು: “ಬಾಷಾ ಸಾಬನ ಮಾತನ್ನು ಪೂರಾ ಕೇಳದೆ ಕಳ್ಳ ಎಂದೆ. ತಪ್ಪು ನನ್ನದು. ಅವನನ್ನು ಹುಡುಕಿ ಊರಿಗೆ ಕರೆತರುತ್ತೇನೆ.”

ದೊಡ್ಡಮನೆಯವರ ಹಿಂದೆ ನಲವತ್ತು ಓಟುಗಳಿದ್ದವು. ಮುಚ್ಚಿಹೋಗಿದ್ದ ಹಂಡೆಯ ಕಥೆ ಮತ್ತೆ ಎದ್ದರೆ ಅವರು ಮುನಿಯುವುದು ಖಂಡಿತ. ನನಗೆ ಚೇರ್ಮನ್ನರು ಸೋಲುವುದು ಬೇಡವಾಗಿತ್ತು. ಮಕ್ಕಳ ಪ್ರಬಂಧ ತಿದ್ದಿ ತಿದ್ದಿ ಅಭ್ಯಾಸವಾಗಿದ್ದ ಕೈ. ಚಾಮರಾಜನಗರದ ಅಚ್ಚುಕೂಟದಲ್ಲಿ ಆ ಸಾಲಿನ ಮೇಲೆ ಗೀಟು ಎಳೆದುಬಿಟ್ಟೆ.

ಕರಪತ್ರದ ಕಟ್ಟು ಊರಿಗೆ ಬಂದ ದಿನ ಅಂಚೆಯವನು ಚಾವಡಿಯಲ್ಲಿ ನಿಂತು ಗಟ್ಟಿಯಾಗಿ ಓದಿದ. ಜನ ತಲೆದೂಗಿದರು. ಬಾವಿಯ ಮಾತಿಗೆ ಓದು ನಿಂತಿತು.

“ಮುಂದ್ಕೆ?” ಎಂದರು ಚೇರ್ಮನ್ನರು.

“ಅಷ್ಟೇ ಅದೆ ಚೇರ್ಮನ್ರೇ.”

“ಇನ್ನೊಂದು ಅದೆ, ಮುಂದ್ಕೆ ಓದ್ಲಾ.”

ಅವನು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಚೇರ್ಮನ್ನರು ಕಣ್ಣು ತೆರೆದು, ಶಾಲೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಂದು ಗಳಿಗೆ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. “ಅಚ್ಚಿನೋನು ಜಾಗ ಇಲ್ದೆ ಬುಟ್ಟವ್ನೆ. ಓಗ್ಲಿ, ಬಾಯಲ್ಲೇ ಯೋಳ್ತೀನಿ,” ಎಂದು ಎದ್ದು ನಿಂತು, ದೊಡ್ಡಮನೆಯವರ ಎದುರಿಗೇ ಆ ಸಾಲನ್ನು ಒಂದಕ್ಷರ ಬಿಡದೆ ಹೇಳಿದರು. ದೊಡ್ಡಮನೆಯವರು ಟವಲು ಕೊಡವಿ ಹೊರಟುಹೋದರು. ಹದಿನೆಂಟು ಓಟಿನ ಅಂತರದಲ್ಲಿ ಪುಟ್ಟಮಾದಪ್ಪನವರು ಸೋತರು.

ಆ ಬೇಸಿಗೆಗೆ ನನಗೆ ಚಾಮರಾಜನಗರಕ್ಕೆ ವರ್ಗವಾಯಿತು. ಟ್ರಂಕು ಹಿಡಿದು ತೆರಕಣಾಂಬಿಯ ಬಸ್ಸಿಗೆ ಕಾಯುತ್ತಿದ್ದಾಗ ಅವರೂ ಅಲ್ಲೇ ಅರಳಿಕಟ್ಟೆಯ ಮೇಲೆ ಬುತ್ತಿ ಗಂಟು ಇಟ್ಟುಕೊಂಡು ಕೂತಿದ್ದರು. ಬಾಷಾ ಗೂಡಲೂರಿನಲ್ಲಿದ್ದಾನೆಂದು ಸುದ್ದಿ ಸಿಕ್ಕಿತ್ತಂತೆ.

“ಈಗ ನೀವು ಚೇರ್ಮನ್ ಅಲ್ಲವಲ್ಲ,” ಎಂದೆ.

“ಚೇರ್ಮನ್‌ಗಿರಿ ಓಯ್ತು ಕಣವ್ವ. ಆಡಿದ್ ಮಾತು ಎಲ್ಲಿಗೋದದು?”

ನನಗೆ ತಡೆಯಲಾಗಲಿಲ್ಲ. “ಅವತ್ತು ಅಚ್ಚು ಹಾಕುವಾಗ ಜಾಗ ಕಮ್ಮಿ ಇತ್ತು...” ಎಂದು ಶುರುಮಾಡಿದೆ. ಅವರು ಕಣ್ಣು ಮುಚ್ಚಿಕೊಂಡರು.

“ಮುಂದ್ಕೆ?”

“ಜಾಗ ಇತ್ತು. ನೀವು ಸೋಲಬಾರದು ಅಂತ ನಾನೇ ತೆಗೆದೆ.”

ಕಣ್ಣು ತೆರೆದು ನಕ್ಕರು. ಬೈದಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ. ಜೇಬಿನಿಂದ ಒಂದು ಕರಪತ್ರ ತೆಗೆದು, “ಅಳ್ಬ್ಯಾಡಿ. ಈಗ ಬರೀರಿ,” ಎಂದರು. ಬಾವಿಯ ಸಾಲಿನ ಕೆಳಗೆ, ನಾನು ತೆಗೆದಿದ್ದ ಸಾಲನ್ನು ಪೆನ್ಸಿಲಿನಲ್ಲಿ ಬರೆದೆ. ಎರಡು ಸಲ ಓದಿಸಿ ಕೇಳಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. ಅವರ ಬಸ್ಸು ಮೊದಲು ಬಂತು. ಅವರನ್ನು ಮತ್ತೆ ನೋಡಲಿಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಬಾಷಾ ಚಾಮರಾಜನಗರದ ನಮ್ಮ ಶಾಲೆಯನ್ನು ಹುಡುಕಿಕೊಂಡು ಬಂದ. ಚೇರ್ಮನ್ನರೇ ಅವನನ್ನು ಊರಿಗೆ ಕರೆತಂದು, ಚಾವಡಿಯ ಪಕ್ಕದಲ್ಲೇ ಕುಲುಮೆ ಹಾಕಿಸಿಕೊಟ್ಟಿದ್ದರಂತೆ. ಹೇಳುತ್ತಾ ಹೇಳುತ್ತಾ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಜೇಬಿನಿಂದ ಆ ಕರಪತ್ರವನ್ನು ತೆಗೆದು ನನ್ನ ಕೈಗಿಟ್ಟ. “ಓದ ತಿಂಗ್ಳು ತೀರ್ಕೊಂಡ್ಬುಟ್ರು ಮೇಷ್ಟ್ರಮ್ಮ. ಕೆಲ್ಸ ಆಯ್ತು, ಇದ ಮೇಷ್ಟ್ರಮ್ಮಂಗೇ ಕೊಟ್ಬುಡು ಅಂದಿದ್ರು. ಗೂಡ್ಲೂರಲ್ಲಿ ನನ್ ಮುಂದೆ ನಿಂತು ಬಾಯಲ್ಲೇ ಯೋಳಿದ್ರು. ಬರ್ದಿರೋದ ಒಂದ್ಸಲ ಕೇಳ್ಬೇಕು ಅಂತ ನಂಗಾಸೆ.”

ಮಡಿಕೆಗಳಲ್ಲಿ ಕಾಗದ ಹರಿದಿತ್ತು. ಜಗಲಿಯ ಮೇಲೆ ಅವನನ್ನು ಕೂರಿಸಿಕೊಂಡು ಮೊದಲಿನಿಂದ ಓದಿದೆ: ಹೆಂಚು, ಬೆಂಚು, ಬಾವಿ, ಕೊನೆಗೆ ನನ್ನ ಪೆನ್ಸಿಲಿನ ಸಾಲು. ಓದಿ ಮುಗಿಸಿ, ಯಾವುದೋ ಅಭ್ಯಾಸದಿಂದ ಸುಮ್ಮನೆ ಕಾದೆ. ಬಾಷಾನೂ ಕಾದ. “ಮುಂದ್ಕೆ?” ಅಂತ ಯಾರೂ ಕೇಳಲಿಲ್ಲ.